ಸೀಮೆಯಾಚೆ ಮತ, ಈಚೆ ಫರ್ಮಾನು

1920ರ ನವೆಂಬರಿನಲ್ಲಿ ಮುಂಬಯಿ ಶಾಸನ ಪರಿಷತ್ತಿಗೆ ಚುನಾವಣೆ ನಡೆಯಿತು. ವರ್ಷಕ್ಕೆ 32 ರೂಪಾಯಿಗೆ ಕಡಿಮೆಯಿಲ್ಲದ ಕಂದಾಯ ಬೀಳುವ ಹೊಲವಿದ್ದ ಸಿಂದಗಿಯ ರೈತನಿಗೆ ಅದರಲ್ಲಿ ಮತ ಹಾಕುವ ಹಕ್ಕು ಇತ್ತು. ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಕಾಂಗ್ರೆಸ್ ಆ ಚುನಾವಣೆಯನ್ನು ಬಹಿಷ್ಕರಿಸಿತ್ತು, ಅದು ಬೇರೆ ಮಾತು. ಬಹಿಷ್ಕರಿಸಬೇಕಾದರೂ ಮೊದಲು ಹಕ್ಕು ಅಂತ ಒಂದು ಇರಬೇಕು. ಅದೇ ರೈತನ ಊರಿನಿಂದ ಮೂಡಣಕ್ಕೆ ನಡೆದು ಸೀಮೆ ದಾಟಿದರೆ ನಿಜಾಮರ ಹೈದರಾಬಾದ್ ಸಂಸ್ಥಾನದ ಜೇವರ್ಗಿ. ಅದೇ ಎರೆಮಣ್ಣು, ಅದೇ ಬಿಳಿಜೋಳ, ಅದೇ ಕನ್ನಡ, ಬೀಗತನದ ಮನೆಗಳೂ ಅವೇ. ಜೇವರ್ಗಿಯ ರೈತ 32 ರೂಪಾಯಿ ಅಲ್ಲ, 3,200 ರೂಪಾಯಿ ಕಂದಾಯ ಕಟ್ಟಿದರೂ ಅವನಿಗೆ ಮತವಿರಲಿಲ್ಲ. ಅಂದು ಇರಲಿಲ್ಲ, 1937ರಲ್ಲೂ ಇರಲಿಲ್ಲ.

ಶಾಲೆಯ ಪುಸ್ತಕದಲ್ಲಿ ನಾವು ಓದಿದ ‘ಬ್ರಿಟಿಷ್ ಆಡಳಿತದಲ್ಲಿ ಸಂವಿಧಾನದ ಬೆಳವಣಿಗೆ’ ಎಂಬ ಪಾಠ ಸಿಂದಗಿಯ ಕತೆ. 1858, 1861, 1892, 1909, 1919, 1935 ಎಂದು ಇಸವಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದ ಜೇವರ್ಗಿ, ಆಳಂದ, ಅಫಜಲಪುರದ ಮಕ್ಕಳಿಗೆ, ಈ ಕಾಯಿದೆಗಳಲ್ಲಿ ಒಂದೂ ತಮ್ಮ ಅಜ್ಜ ಮುತ್ತಜ್ಜಂದಿರ ಊರಿಗೆ ಬಂದಿರಲಿಲ್ಲ ಎಂದು ಯಾರೂ ಹೇಳಲಿಲ್ಲ. ಹಾಗಾದರೆ ನಮ್ಮ ಕಡೆ ಬ್ರಿಟಿಷರ ಆಳ್ವಿಕೆ ಇರಲಿಲ್ಲವೇ? ಇತ್ತು. ಆದರೆ ಅದು ಕಾಯಿದೆಯ ಮೂಲಕ ನಡೆಯಲಿಲ್ಲ. ನನ್ನ ಮಟ್ಟಿಗೆ ಈ ಭಾಗದ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು, ಎಲ್ಲಕ್ಕಿಂತ ಕಡಿಮೆ ಮಾತಾಡಿರುವುದೂ ಇದರ ಬಗ್ಗೆಯೇ.

ಬರೆದ ಅರ್ಧ, ಬರೆಯದ ಅರ್ಧ

ಬ್ರಿಟಿಷ್ ಆಳ್ವಿಕೆಯಲ್ಲಿ ಕಾಯಿದೆಯಾಗಿ ಬರೆದ ಅರ್ಧವನ್ನು ಬೇಗ ಹೇಳಿ ಮುಗಿಸಬಹುದು. 1857ರ ದಂಗೆ ಅಡಗಿದ ಮೇಲೆ, 1858ರ ಆಗಸ್ಟಿನಲ್ಲಿ ಲಂಡನ್ನಿನ ಸಂಸತ್ತು ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ರಾಜ್ಯವನ್ನು ರಾಣಿಯ ಹೆಸರಿಗೆ ಬರೆಸಿಕೊಂಡಿತು. ಲಂಡನ್ನಿನಲ್ಲಿ ಭಾರತ ಸಚಿವ, ಅವನಿಗೆ 15 ಜನರ ಸಲಹಾ ಮಂಡಳಿ; ಕಲ್ಕತ್ತೆಯಲ್ಲಿ ವೈಸರಾಯ್; ಪ್ರಾಂತ್ಯಗಳಲ್ಲಿ ಗವರ್ನರು, ಅವನ ಕೆಳಗೆ ಕಲೆಕ್ಟರು. ಭಾರತ ಸಚಿವನ ಸಂಬಳವನ್ನೂ 1919ರ ಕಾಯಿದೆ ಬರುವವರೆಗೆ ಇಲ್ಲಿಯ ಬೊಕ್ಕಸವೇ ಕೊಡುತ್ತಿತ್ತು. ನಮ್ಮನ್ನು ಆಳುವವನಿಗೆ ನಾವೇ ಪಗಾರ ಕೊಡುತ್ತಿದ್ದೆವು, ಅವನನ್ನು ಪ್ರಶ್ನೆ ಮಾಡುವ ಅಧಿಕಾರ ಮಾತ್ರ ಅಲ್ಲಿಯ ಸಂಸತ್ತಿಗೆ. 1861ರಿಂದ ಪರಿಷತ್ತುಗಳಿಗೆ ಬೆರಳೆಣಿಕೆಯ ಭಾರತೀಯರ ನೇಮಕ, 1909ರಲ್ಲಿ ಚುನಾವಣೆಯ ಜೊತೆಗೇ ಧರ್ಮದ ಲೆಕ್ಕದ ಪ್ರತ್ಯೇಕ ಮತಕ್ಷೇತ್ರ, 1919ರಲ್ಲಿ ದ್ವಿಸರ್ಕಾರ. ಶಿಕ್ಷಣ, ಆರೋಗ್ಯ, ಕೃಷಿ ಚುನಾಯಿತ ಮಂತ್ರಿಗಳಿಗೆ; ಪೊಲೀಸು, ಕಂದಾಯ, ನ್ಯಾಯ ಗವರ್ನರನ ಕೈಯಲ್ಲಿ. ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು 1930ರಲ್ಲಿ ಮುಂಬಯಿ ಸರ್ಕಾರದ ಮಂತ್ರಿಯಾದದ್ದು ಈ ಏರ್ಪಾಡಿನಲ್ಲಿ. ವಿಜಯಪುರದ ವಕೀಲರು, ವಚನಗಳನ್ನು ಕಾಪಿಟ್ಟ ಫ. ಗು. ಹಳಕಟ್ಟಿಯವರು ಮುಂಬಯಿ ಪರಿಷತ್ತಿನಲ್ಲಿ ಕುಳಿತದ್ದೂ ಇದೇ ಏರ್ಪಾಡಿನಲ್ಲಿ. 1935ರ ಕಾಯಿದೆಯಂತೆ 1937ರಲ್ಲಿ ಪ್ರಾಂತ್ಯಗಳಿಗೆ ಸ್ವಾಯತ್ತತೆ ಬಂತು, ಮುಂಬಯಿಯಲ್ಲಿ ಬಿ. ಜಿ. ಖೇರರ ಮಂತ್ರಿಮಂಡಲ ನಿಂತಿತು. ಆಗಲೂ ಗವರ್ನರ್ ಬೇಕೆಂದಾಗ 93ನೇ ಕಲಮಿನಡಿ ಎಲ್ಲ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದಿತ್ತು. 1939ರಲ್ಲಿ ಕಾಂಗ್ರೆಸ್ ಮಂತ್ರಿಗಳು ರಾಜೀನಾಮೆ ಕೊಟ್ಟ ಮೇಲೆ ಆದದ್ದೂ ಅದೇ.

ಕನ್ನಡನಾಡಿನಲ್ಲಿ ಈ ಬರೆದ ಅರ್ಧಕ್ಕೂ ಹಲವು ನಮೂನೆ. ಬಳ್ಳಾರಿ, ಮಂಗಳೂರು ಮದರಾಸಿಗೆ; ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬಯಿಗೆ. ಕೊಡಗು ಮಾತ್ರ ಒಬ್ಬ ಚೀಫ್ ಕಮಿಷನರನ ಕೆಳಗಿನ ಪುಟ್ಟ ಪ್ರಾಂತ್ಯ. ಅದನ್ನು 1834ರಲ್ಲಿ ಚಿಕ್ಕವೀರರಾಜೇಂದ್ರನಿಂದ ಕಿತ್ತುಕೊಂಡರು, 1924ರಲ್ಲಿ 20 ಜನರ ಶಾಸನ ಪರಿಷತ್ತು ಕೊಟ್ಟರು. ಮೈಸೂರು ದೇಶೀ ಸಂಸ್ಥಾನವಾದರೂ 1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1881ರಲ್ಲಿ ಅರಸರಿಗೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ತೆರೆದರು.

ಉಳಿದದ್ದು ಬರೆಯದ ಅರ್ಧ. ಅಲ್ಲಿ ಸಂಸತ್ತಿನ ಕಾಯಿದೆ ಇಲ್ಲ. ಒಪ್ಪಂದಗಳಿವೆ, ರಾಜಪತ್ರಗಳಿವೆ, ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ರೆಸಿಡೆಂಟನ ಪತ್ರಗಳಿವೆ, ಎಲ್ಲಕ್ಕೂ ಮೇಲೆ ‘ಪರಮಾಧಿಕಾರ’ ಎಂಬ ಒಂದು ಹಕ್ಕುಸಾಧನೆ ಇದೆ. ಸುಮಾರು 560 ಸಂಸ್ಥಾನಗಳು, ನಾಡಿನ ಐದರಲ್ಲಿ ಎರಡು ಪಾಲು ನೆಲ, ಈ ಬರೆಯದ ಅರ್ಧದಲ್ಲಿತ್ತು. ಅವುಗಳಲ್ಲಿ ಜನಸಂಖ್ಯೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಹೈದರಾಬಾದು, ನಿಜಾಮರಿಗೆ 21 ತೋಪುಗಳ ಗೌರವ. ಜೇವರ್ಗಿಯ ಮನುಷ್ಯ ಬ್ರಿಟಿಷ್ ಕಾನೂನಿನ ಕಣ್ಣಿಗೆ ಬ್ರಿಟಿಷ್ ಪ್ರಜೆ ಕೂಡ ಅಲ್ಲ. ಬ್ರಿಟಿಷರ ‘ರಕ್ಷಣೆಯಲ್ಲಿರುವ ವ್ಯಕ್ತಿ’, ಅಷ್ಟೇ. ಸಿಂದಗಿಯವನ ದಾವೆ ವಿಜಯಪುರದ ಕೋರ್ಟಿನಿಂದ ಮುಂಬಯಿ ಹೈಕೋರ್ಟಿಗೆ, ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಗಬಹುದಿತ್ತು. ಜೇವರ್ಗಿಯವನ ದಾವೆ ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಕೊನೆಯ ಮಾತು ನಿಜಾಮರದು. ಸಿಂದಗಿಯಲ್ಲಿ ತಪ್ಪು ಮಾಡಿ ಈಚೆ ಓಡಿಬಂದವನನ್ನು ಹಿಡಿದೊಪ್ಪಿಸಲು 1867ರ ಒಂದು ಒಪ್ಪಂದ ಬೇಕಾಗಿತ್ತು, ಎರಡು ದೇಶಗಳ ನಡುವೆ ಇರುವ ಹಾಗೆ.

ಸುರಪುರದಲ್ಲಿ ಕಂಡದ್ದು

ಬರೆಯದ ಆಳ್ವಿಕೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಜೇವರ್ಗಿಯಿಂದ ತೆಂಕಣಕ್ಕೆ ಶಹಾಪುರ ದಾಟಿದರೆ ಸುರಪುರ. ನಾಯಕರ ಸಂಸ್ಥಾನ ಅದು, ನಿಜಾಮರಿಗೆ ಕಪ್ಪ ಕೊಡುತ್ತಿತ್ತು. ಅರಸ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ಸಾಲ, ಗದ್ದುಗೆಯ ಜಗಳ. ಆಗ ಹೈದರಾಬಾದಿನಲ್ಲಿ ರೆಸಿಡೆಂಟನಾಗಿದ್ದವನು ಜೇಮ್ಸ್ ಸ್ಟುವರ್ಟ್ ಫ್ರೇಜರ್. ಕೊಡಗಿನ ಅರಸನನ್ನು 1834ರಲ್ಲಿ ಗದ್ದುಗೆಯಿಂದ ಇಳಿಸುವ ಕೆಲಸ ನಡೆಸಿದವನೂ ಇವನೇ. ಕೊಡಗಿನಲ್ಲಿ ಇವನು ರಾಜ್ಯವನ್ನೇ ಕಂಪನಿಗೆ ಸೇರಿಸಿದ. ಸುರಪುರದಲ್ಲಿ ಹಾಗೆ ಮಾಡಲಿಲ್ಲ, ಒಬ್ಬ ಮನುಷ್ಯನನ್ನು ಕಳಿಸಿದ. ಆ ಮನುಷ್ಯ ಫಿಲಿಪ್ ಮೆಡೋಸ್ ಟೇಲರ್.

ಟೇಲರನ ಸ್ಥಾನ ಏನು ಎಂಬುದನ್ನು ಒಂದು ಕ್ಷಣ ನಿಂತು ನೋಡಬೇಕು. ಅವನು ಕಂಪನಿಯ ನೌಕರನಲ್ಲ. ನಿಜಾಮರ ಹಣದಿಂದ ನಡೆಯುತ್ತಿದ್ದ ಪಡೆಯ ಅಧಿಕಾರಿ. ಸಂಬಳ ನಿಜಾಮರದು, ಹುಕುಂ ರೆಸಿಡೆಂಟನದು, ಅಧಿಕಾರ ನಡೆಸಿದ್ದು ನಾಯಕರ ಸಂಸ್ಥಾನದ ಮೇಲೆ. ಇದಕ್ಕೆ ಯಾವ ಕಾಯಿದೆಯ ಯಾವ ಕಲಮೂ ಆಧಾರವಿಲ್ಲ. ಆದರೂ 1841ರಿಂದ 1853ರವರೆಗೆ ಅವನು ರಾಣಿ ಈಶ್ವರಮ್ಮನನ್ನು ಎದುರು ಹಾಕಿಕೊಂಡು, ಸಾಲ ತೀರಿಸಿ, ಕೆರೆ ಕಟ್ಟೆ ನೋಡಿಸಿ, ರಸ್ತೆ ಮಾಡಿಸಿ ಆ ಸೀಮೆಯನ್ನು ಆಳಿದ. ಬಾಲಕ ವೆಂಕಟಪ್ಪನನ್ನು ಪ್ರೀತಿಯಿಂದ ನೋಡಿಕೊಂಡ, ಆ ಹುಡುಗನೂ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಟೇಲರ್ ಮಂಜಿಲ್ ಇವತ್ತೂ ಇದೆ. ಟೇಲರ್ ಒಳ್ಳೆಯವನಿದ್ದ ಎಂದು ಸುರಪುರದ ಮಂದಿ ಇಂದಿಗೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಒಳ್ಳೆಯತನ ಅವನೊಬ್ಬನ ಗುಣ. ಅವನು ಕೆಟ್ಟವನಿದ್ದಿದ್ದರೆ ಸುರಪುರದ ರೈತ ಯಾರ ಮುಂದೆ ಅರ್ಜಿ ಹಿಡಿಯಬೇಕಿತ್ತು? ಉತ್ತರ ಎಲ್ಲಿಯೂ ಬರೆದಿರಲಿಲ್ಲ.

1858ರಲ್ಲಿ ಅದು ಗೊತ್ತಾಯಿತು. ದೊರೆ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಸೋತ, ಹೈದರಾಬಾದಿನಲ್ಲಿ ಸೆರೆಯಾದ. ನಿಜಾಮರಿಗೆ ಕಪ್ಪ ಕೊಡುವ ಅರಸನ ವಿಚಾರಣೆ ನಿಜಾಮರ ಕೈಯಲ್ಲಿ ನಡೆಯಬೇಕಿತ್ತಲ್ಲವೇ? ನಡೆಯಲಿಲ್ಲ. ಬ್ರಿಟಿಷ್ ಸೈನಿಕ ನ್ಯಾಯಮಂಡಳಿ ಮರಣದಂಡನೆ ಕೊಟ್ಟಿತು. ರೆಸಿಡೆಂಟ್ ಅದನ್ನು ಜೀವಾವಧಿಗೆ ಇಳಿಸಿದ. ಗವರ್ನರ್ ಜನರಲ್ ನಾಲ್ಕು ವರ್ಷದ ಬಂಧನಕ್ಕೆ ಇಳಿಸಿದ. ಶಿಕ್ಷೆ ಅನುಭವಿಸಲು ಮದರಾಸಿನ ಕಡೆ ಕರೆದೊಯ್ಯುವಾಗ ದಾರಿಯಲ್ಲೇ ಪಿಸ್ತೂಲಿನ ಗುಂಡಿಗೆ ಆ ಯುವಕ ಸತ್ತ. ಇಪ್ಪತ್ತೈದೂ ಆಗಿರಲಿಲ್ಲ. 1860ರ ಡಿಸೆಂಬರಿನ ಒಪ್ಪಂದದಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮರಿಗೆ ‘ಕೊಟ್ಟರು’. 1853ರಲ್ಲಿ ಸಾಲದ ನೆಪದಲ್ಲಿ ತೆಗೆದುಕೊಂಡಿದ್ದ ರಾಯಚೂರು ದೋಆಬನ್ನೂ ಧಾರಾಶಿವವನ್ನೂ ಹಿಂದಿರುಗಿಸಿ, 50 ಲಕ್ಷ ಸಾಲ ಮನ್ನಾ ಮಾಡಿದರು. ಏಳು ವರ್ಷ ಬ್ರಿಟಿಷರ ಕೈಯಲ್ಲಿದ್ದು ಮತ್ತೆ ಮೊಗಲಾಯಿಗೆ, ಅಂದರೆ ನಿಜಾಮರ ಸೀಮೆಗೆ, ಮರಳಿದ ರಾಯಚೂರಿನ ರೈತನನ್ನು, ಹೋಗುವಾಗಲೂ ಬರುವಾಗಲೂ ಯಾರೂ ಒಂದು ಮಾತು ಕೇಳಲಿಲ್ಲ.

ರೈಲು ಹಳಿಯ ಮೇಲಿನ ರಾಜ್ಯ

1871ರಲ್ಲಿ ಮುಂಬಯಿಯಿಂದ ಹೊರಟ ರೈಲು ಹಳಿ ಕಲಬುರಗಿ, ಶಹಾಬಾದ, ವಾಡಿ ಹಾಯ್ದು ರಾಯಚೂರಿಗೆ ಮುಟ್ಟಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಓಡಿತು. ಈ ಹಳಿಗಳಿದ್ದ ಪಟ್ಟಿಯ ಮೇಲಿನ ಕಾನೂನಿನ ಅಧಿಕಾರವನ್ನು ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಅಂದರೆ ನಿಲ್ದಾಣದ ಫಲಾಟಿನ ಮೇಲೆ ಒಂದು ಕಾನೂನು, ಬೇಲಿ ದಾಟಿ ಊರೊಳಗೆ ಬಂದರೆ ಇನ್ನೊಂದು.

ಈ ವಿಚಿತ್ರ ಏರ್ಪಾಡು ಲಂಡನ್ನಿನವರೆಗೆ ಹೋದ ಒಂದು ಮೊಕದ್ದಮೆ ಇದೆ. ವಾಡಿಯಿಂದ ಹೈದರಾಬಾದಿಗೆ ಹೋಗುವ ಅದೇ ಹಾದಿಯ ಶಂಕರಪಲ್ಲಿ ನಿಲ್ದಾಣದಲ್ಲಿ ಮಹಮ್ಮದ್ ಯೂಸುಫುದ್ದೀನ್ ಎಂಬುವರನ್ನು ಪೊಲೀಸರು ಹಿಡಿದರು. ವಾರಂಟು ಎಲ್ಲಿಯದು? ದೂರದ ಶಿಮ್ಲಾದ ಮ್ಯಾಜಿಸ್ಟ್ರೇಟನದು. ಆರೋಪವೂ ರೈಲಿಗೆ ಸಂಬಂಧಪಟ್ಟದ್ದಲ್ಲ. ಬ್ರಿಟಿಷ್ ಸರ್ಕಾರದ ವಾದ ಸರಳವಾಗಿತ್ತು: ಹಳಿಯ ಪಟ್ಟಿಯಲ್ಲಿ ನಮ್ಮ ಅಧಿಕಾರವಿದೆ, ಆದ್ದರಿಂದ ಅಲ್ಲಿ ಯಾರನ್ನು ಬೇಕಾದರೂ ಹಿಡಿಯುತ್ತೇವೆ. 1897ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಒಪ್ಪಲಿಲ್ಲ. ಹಳಿ ಹಾಯುವ ನೆಲ ನಿಜಾಮರ ರಾಜ್ಯದ ಭಾಗವಾಗಿಯೇ ಉಳಿದಿದೆ. ಬಿಟ್ಟುಕೊಟ್ಟದ್ದು ರೈಲಿನ ಆಡಳಿತಕ್ಕೆ ಬೇಕಾದಷ್ಟು ಅಧಿಕಾರ ಮಾತ್ರ. ಆದ್ದರಿಂದ ಈ ಬಂಧನ ಅಕ್ರಮ ಎಂದು ತೀರ್ಪಾಯಿತು.

ಈ ತೀರ್ಪನ್ನು ಬ್ರಿಟಿಷ್ ನ್ಯಾಯದ ಹಿರಿಮೆಗೆ ಉದಾಹರಣೆಯಾಗಿ ಕೊಡುವವರಿದ್ದಾರೆ. ತೀರ್ಪು ಸರಿಯಾದದ್ದೇ. ಆದರೆ ಅದು ಲಂಡನ್ನಿನ ಬಾಗಿಲು ತಟ್ಟಲು ಸಾಧ್ಯವಾದದ್ದು ವಾರಂಟು ಶಿಮ್ಲಾದ್ದು ಎಂಬ ಕಾರಣಕ್ಕೆ. ಅದೇ ವ್ಯಕ್ತಿಯನ್ನು ಬೇಲಿಯಾಚೆ ನಿಜಾಮರ ಪೊಲೀಸರು ಹಿಡಿದಿದ್ದರೆ ಆ ಬಾಗಿಲೇ ಇರಲಿಲ್ಲ.

ನಿಜಾಮರಿಗಾದರೂ ತಮ್ಮ ಒಡೆತನ ಎಷ್ಟು ಗಟ್ಟಿ ಎಂಬುದು 1926ರಲ್ಲಿ ತಿಳಿಯಿತು. ಬೇರಾರ್ ಪ್ರಾಂತ್ಯವನ್ನು ಬ್ರಿಟಿಷರು 1902ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಕಾಯಂ ಗುತ್ತಿಗೆ ಮಾಡಿಕೊಂಡಿದ್ದರು. ಅದನ್ನು ಮರಳಿ ಕೊಡಿ, ನಾವಿಬ್ಬರೂ ಸಮಾನ ಮಿತ್ರರು ಎಂದು ಮೀರ್ ಉಸ್ಮಾನ್ ಅಲಿ ಖಾನ್ ಬರೆದರು. ವೈಸರಾಯ್ ರೀಡಿಂಗ್ 1926ರ ಮಾರ್ಚಿನಲ್ಲಿ ಕೊಟ್ಟ ಉತ್ತರದಲ್ಲಿ ಮುಲಾಜೇ ಇರಲಿಲ್ಲ: ಭಾರತದಲ್ಲಿ ಸಾಮ್ರಾಟನ ಅಧಿಕಾರವೇ ಸರ್ವೋಚ್ಚ, ಅದು ಒಪ್ಪಂದಗಳಿಂದ ಮಾತ್ರ ಹುಟ್ಟಿದ್ದಲ್ಲ, ಯಾವ ಅರಸನೂ ಸಮಾನ ನೆಲೆಯಲ್ಲಿ ಮಾತಾಡುವಂತಿಲ್ಲ. ಆ ಮೇಲೆ ಹೈದರಾಬಾದಿನ ಕಂದಾಯ, ಪೊಲೀಸು ಇಲಾಖೆಗಳಿಗೆ ಬ್ರಿಟಿಷ್ ಅಧಿಕಾರಿಗಳು ಬಂದು ಕುಳಿತರು. ಪರಮಾಧಿಕಾರದ ಎಲ್ಲೆ ಯಾವುದು ಎಂದು ಹೇಳಿ ಎಂದು ಅರಸರೆಲ್ಲ ಕೇಳಿದಾಗ ನೇಮಿಸಿದ ಬಟ್ಲರ್ ಸಮಿತಿ 1929ರಲ್ಲಿ ಎಲ್ಲೆ ಹೇಳಲು ಒಪ್ಪಲಿಲ್ಲ. ಪರಮಾಧಿಕಾರ ಪರಮವಾಗಿಯೇ ಇರಬೇಕು ಎಂದಿತು. ಎಲ್ಲೆಯನ್ನು ಬರೆದಿಟ್ಟರೆ ಅದನ್ನು ತೋರಿಸಿ ಪ್ರಶ್ನಿಸಬಹುದು. ಬರೆಯದೆ ಇಟ್ಟದ್ದು ಬಲವುಳ್ಳವನ ಅನುಕೂಲಕ್ಕೆ.

ಫರ್ಮಾನಿನ ಕೆಳಗೆ

ರೆಸಿಡೆಂಟನ ಕೆಳಗೆ ನಿಜಾಮರು, ನಿಜಾಮರ ಕೆಳಗೆ ಜೇವರ್ಗಿ. ಮೊದಲನೇ ಸಾಲಾರ್ ಜಂಗ್ 1853ರಿಂದ ಮೂವತ್ತು ವರ್ಷ ದಿವಾನನಾಗಿದ್ದಾಗ ಹಳೆಯ ಗುತ್ತಿಗೆದಾರರನ್ನು ತೆಗೆದು, 1865ರಲ್ಲಿ ಜಿಲ್ಲಾಬಂದಿ ಮಾಡಿದ. ಸುಬೆಗೆ ಸುಬೇದಾರ, ಜಿಲ್ಲೆಗೆ ಅವ್ವಲ್ ತಾಲೂಕದಾರ, ತಾಲೂಕಿಗೆ ತಹಶೀಲದಾರ, ಅವನ ಕೆಳಗೆ ಗಿರ್ದಾವರ, ಊರಲ್ಲಿ ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ. ನಮ್ಮ ಜೇವರ್ಗಿ ತಾಲೂಕಿಗೆ ಆಗ ಆಂದೋಲಾ ಎಂಬ ಹೆಸರು. ಕಂದಾಯದ ಅಳತೆ, ದರ್ಜೆ ಎಲ್ಲ ಮುಂಬಯಿಯ ಪದ್ಧತಿಯನ್ನು ನೋಡಿ ಮಾಡಿದ್ದು. ಫಸಲಿ 1317ರ, ಅಂದರೆ 1907-08ರ, ಹೈದರಾಬಾದ್ ಭೂಕಂದಾಯ ಕಾಯಿದೆ ಮುಂಬಯಿಯ 1879ರ ಕಾಯಿದೆಯ ಅಚ್ಚಿನಲ್ಲೇ ಇದೆ. ಸಾಮರ್ಥ್ಯದ ಅಧಿಕಾರಿಗಳಿಗೆ ಹೈದರಾಬಾದಿನಲ್ಲಿ ಬರವಿರಲಿಲ್ಲ. ನ್ಯಾಯಾಂಗವನ್ನು ಆಡಳಿತದಿಂದ ಬೇರ್ಪಡಿಸುವ ಕೆಲಸವನ್ನು 1920ರ ದಶಕದ ಆರಂಭದಲ್ಲೇ, ಬ್ರಿಟಿಷ್ ಭಾರತಕ್ಕಿಂತ ಮೊದಲೇ, ಅವರು ಮಾಡಿದರು. ಇದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ.

ಆದರೆ ಸೀಮೆಯಾಚೆಯ ಕಾಯಿದೆಯನ್ನು ಪರಿಷತ್ತಿನಲ್ಲಿ ಒಬ್ಬ ಹಳಕಟ್ಟಿ ಎದ್ದುನಿಂತು ಪ್ರಶ್ನೆ ಮಾಡಬಹುದಿತ್ತು. ಈಚೆಯ ಕಾಯಿದೆ ಫರ್ಮಾನಿನಿಂದ, ಅಂದರೆ ನಿಜಾಮರ ಆಜ್ಞೆಯಿಂದ, ಬರುತ್ತಿತ್ತು, ಫರ್ಮಾನಿನಿಂದ ಹೋಗುತ್ತಿತ್ತು. 1890ರ ದಶಕದಲ್ಲಿ ಆರನೇ ನಿಜಾಮರು ‘ಕಾನೂನ್ಚಾ’ ಹೊರಡಿಸಿ ಒಂದು ಶಾಸನ ಪರಿಷತ್ತು ಮಾಡಿದರು. ಅದರಲ್ಲಿ ಅಧಿಕಾರಿಗಳು, ಜೊತೆಗೆ ಜಹಗೀರದಾರರು ಮತ್ತು ವಕೀಲರು ಆರಿಸಿದ ಕೆಲವರು. 1919ರಲ್ಲಿ, ಸಿಂದಗಿಗೆ ಮತ ಬರುವ ಕಾಯಿದೆಯಾದ ವರ್ಷವೇ, ಹೈದರಾಬಾದಿನಲ್ಲಿ ‘ಬಾಬೆ ಹುಕೂಮತ್’ ಎಂಬ ಕಾರ್ಯಾಂಗ ಮಂಡಳಿ ಬಂತು. ಸರ್ ಅಲಿ ಇಮಾಮ್ ಅಧ್ಯಕ್ಷರು. ಅದು ನಿಜಾಮರಿಗೆ ಉತ್ತರ ಕೊಡಬೇಕಾದ ಮಂಡಳಿ. ಜನರಿಗೆ ಉತ್ತರ ಕೊಡಬೇಕಾದವರು ಯಾರೂ ಇರಲಿಲ್ಲ.

ರಾಜ್ಯದ ಎಲ್ಲ ಊರುಗಳಿಗೂ ಈ ತಹಶೀಲದಾರಿಯ ಆಡಳಿತವೂ ಸಿಕ್ಕಿರಲಿಲ್ಲ. ಸರ್ಕಾರದ ನೇರ ಆಡಳಿತದ ದಿವಾನಿ ಊರುಗಳು ಬೇರೆ. ಅರಮನೆಯ ಖರ್ಚಿಗೆ ಮೀಸಲಾದ ಸರ್ಫೇಖಾಸ್ ಬೇರೆ. ಜಹಗೀರುಗಳು, ಸಂಸ್ಥಾನಗಳು, ಪಾಯಗಾ ನವಾಬರ ತಾಲೂಕುಗಳು ಬೇರೆ. ಆಳಂದದ ಕಡೆ ಪಾಯಗಾ ಆಡಳಿತ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ನೆಲ ಹೀಗೆ ದಿವಾನಿಯ ಹೊರಗಿತ್ತು. ಪಾಯಗಾದ ಊರಿನ ರೈತನ ಮೇಲೆ ಪಾಯಗಾ ನವಾಬ, ಅವನ ಮೇಲೆ ನಿಜಾಮ, ಅವನ ಮೇಲೆ ರೆಸಿಡೆಂಟ್, ಅವನ ಮೇಲೆ ವೈಸರಾಯ್, ಅವನ ಮೇಲೆ ಲಂಡನ್. ಈ ಏಣಿಯಲ್ಲಿ ಹುಕುಂ ಇಳಿದು ಬರುತ್ತಿತ್ತು. ದೂರು ಹತ್ತಿ ಹೋಗುತ್ತಿರಲಿಲ್ಲ.

ದಿನದ ಬದುಕಿನಲ್ಲಿ ಸೀಮೆ ಎದುರಾಗುತ್ತಿದ್ದುದು ಸುಂಕದ ನಾಕೆಯಲ್ಲಿ. ಅಫಜಲಪುರದ ಕಡೆ ಭೀಮೆಯೇ ಗಡಿ. ಆಚೆ ದಂಡೆ ಇಂಡಿ, ಸಿಂದಗಿ ತಾಲೂಕು, ಅಂದರೆ ಮುಂಬಯಿ ಇಲಾಖೆ. ದೇವಲ ಗಾಣಗಾಪುರದ ದತ್ತನ ಗುಡಿಗೆ ಆಚೆಯಿಂದ ಬರುವ ಭಕ್ತರಿಗೂ, ಸರಕು ಹೊತ್ತ ಎತ್ತಿನ ಗಾಡಿಗೂ ಕರೋಡಗಿರಿಯವರ, ಅಂದರೆ ಸುಂಕದವರ, ಕಾವಲು. ಆಚೆ ಬ್ರಿಟಿಷರ ಕಲದಾರ ರೂಪಾಯಿ, ಈಚೆ ನಿಜಾಮರ ಹಾಲಿ ಸಿಕ್ಕಾ. ನೂರು ಕಲದಾರಕ್ಕೆ 116ರ ಮೇಲೆ ಹಾಲಿ ಕೊಡಬೇಕು. ಆಚೆ ಕೋರ್ಟು ಕಚೇರಿಯ ಕಾಗದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಈಚೆ ಮೊದಲು ಪಾರ್ಸಿ, ಆಮೇಲೆ ಉರ್ದು. ತನ್ನ ಹೊಲದ ಕಾಗದವನ್ನು ತಾನು ಓದಲಾರದ ರೈತ ಕುಲಕರ್ಣಿಯ ಮಾತನ್ನೇ ನಂಬಬೇಕು.

ಎಲ್ಲಕ್ಕಿಂತ ನೋಯಿಸುವುದು ‘ಗಸ್ತಿ 53’. ಸಭೆ ಸೇರಬೇಕಾದರೆ ಮೊದಲೇ ಅಪ್ಪಣೆ ಬೇಕು ಎಂಬ ಸುತ್ತೋಲೆ ಅದು. ಖಾಸಗಿ ಶಾಲೆ ತೆರೆಯಲೂ ಅಪ್ಪಣೆ. ಹೈದರಾಬಾದಿನ ಜನ ತಮ್ಮ ರಾಜ್ಯದ ರಾಜಕೀಯ ಪರಿಷತ್ತನ್ನು 1923ರಲ್ಲಿ ಕಾಕಿನಾಡದಲ್ಲಿ, ಮುಂದೆ ಮುಂಬಯಿ, ಪುಣೆ, ಅಕೋಲಾಗಳಲ್ಲಿ, ಅಂದರೆ ಬ್ರಿಟಿಷ್ ಭಾರತದಲ್ಲಿ ನಡೆಸಬೇಕಾಯಿತು. ಬ್ರಿಟಿಷರಿಂದ ಬಿಡುಗಡೆ ಕೇಳುತ್ತಿದ್ದ ದೇಶದಲ್ಲಿ, ಬ್ರಿಟಿಷ್ ನೆಲಕ್ಕೆ ಹೋಗಿ ಬಾಯಿ ಬಿಡಬೇಕಾದ ಸ್ಥಿತಿ ನಮ್ಮವರದು. ಭಾಷೆಯ ಹೆಸರಿನ ಪರಿಷತ್ತುಗಳಿಗೆ ತುಸು ಸಡಿಲ ಸಿಕ್ಕಿದ್ದರಿಂದ ಕನ್ನಡಿಗರ ಕರ್ನಾಟಕ ಪರಿಷತ್ತು 1937ರಲ್ಲಿ ಬೀದರಿನಲ್ಲಿ ಸೇರಿತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧವಾಯಿತು. ಅದನ್ನು ಕಟ್ಟಿದ ಸ್ವಾಮಿ ರಾಮಾನಂದ ತೀರ್ಥರು ಹುಟ್ಟಿದ್ದು ಸೀಮೆಯಾಚೆಯ ಸಿಂದಗಿಯಲ್ಲಿ. ಆ ವರ್ಷ, ಮುಂದಿನ ವರ್ಷ ಆರ್ಯಸಮಾಜದ ಸತ್ಯಾಗ್ರಹಿಗಳಿಂದ ಕಲಬುರಗಿಯ ಜೈಲು ತುಂಬಿತು.

ಒತ್ತಡಕ್ಕೆ ಬಗ್ಗಿ ನಿಜಾಮ ಸರ್ಕಾರ, ಮೊದಲೇ ನೇಮಿಸಿದ್ದ ಅರವಮುದು ಅಯ್ಯಂಗಾರ್ ಸಮಿತಿಯ ವರದಿಯ ಮೇಲೆ, 1939ರ ಜುಲೈಯಲ್ಲಿ ಸುಧಾರಣೆ ಸಾರಿತು. 85 ಸದಸ್ಯರ ಶಾಸನಸಭೆ. ಚುನಾವಣೆ ಊರಿನ ಲೆಕ್ಕದಲ್ಲಲ್ಲ, ವೃತ್ತಿಯ ಲೆಕ್ಕದಲ್ಲಿ. ಜಹಗೀರದಾರರಿಗೆ ಇಷ್ಟು, ವ್ಯಾಪಾರಿಗಳಿಗೆ ಇಷ್ಟು, ವಕೀಲರಿಗೆ ಇಷ್ಟು, ಒಕ್ಕಲಿಗರಿಗೆ ಇಷ್ಟು ಎಂದು. ಮಂತ್ರಿಗಳು ಸಭೆಗೆ ಹೊಣೆಯಲ್ಲ. ಅಷ್ಟೂ ಕೂಡ ಯುದ್ಧದ ಕಾರಣಕ್ಕೆ ಮೂಲೆ ಸೇರಿತು. ಯುದ್ಧ ಮುಗಿದ ಮೇಲೆ ಅದನ್ನು ತಿದ್ದಿ ತಂದಾಗ ಸ್ಟೇಟ್ ಕಾಂಗ್ರೆಸ್ ದೂರ ನಿಂತಿತು. ನಿಂತದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಕಾಗದದ ಮೇಲೆ ಹರಿದ ಗಂಟು

1935ರ ಕಾಯಿದೆಯಲ್ಲಿ ಎರಡೂ ಅರ್ಧಗಳನ್ನು ಸೇರಿಸುವ ಒಕ್ಕೂಟದ ಯೋಜನೆಯಿತ್ತು. ಅರಸರು ಸಾಕಷ್ಟು ಸಂಖ್ಯೆಯಲ್ಲಿ ಒಪ್ಪಿ ಬಂದರೆ ಮಾತ್ರ ಅದು ಜಾರಿ. ಬರಲಿಲ್ಲ. ಒಕ್ಕೂಟದ ಸಭೆಗೆ ಸಂಸ್ಥಾನಗಳಿಂದ ಬರಬೇಕಾದ ಸದಸ್ಯರನ್ನೂ ಅರಸರೇ ನೇಮಿಸಬೇಕಿತ್ತು, ಪ್ರಜೆಗಳಲ್ಲ ಎಂಬುದನ್ನು ಗಮನಿಸಿದರೆ, ಅದು ಬಂದಿದ್ದರೂ ಜೇವರ್ಗಿಗೆ ಮತ ಬರುತ್ತಿರಲಿಲ್ಲ.

1947ರ ಭಾರತ ಸ್ವಾತಂತ್ರ್ಯ ಕಾಯಿದೆಯ 7ನೇ ಕಲಮು ಆಗಸ್ಟ್ 15ರಂದು ಪರಮಾಧಿಕಾರ ಕೊನೆಗೊಳ್ಳುತ್ತದೆ ಎಂದಿತು. ಅದು ದಿಲ್ಲಿಯ ಹೊಸ ಸರ್ಕಾರಕ್ಕೆ ವರ್ಗವಾಗುವುದಿಲ್ಲ, ಸುಮ್ಮನೆ ಇಲ್ಲವಾಗುತ್ತದೆ. 1926ರಲ್ಲಿ ನಿಜಾಮರಿಗೆ ಸಮಾನತೆ ಇಲ್ಲ ಎಂದವರು ಹೊರಡುವಾಗ ಅವರನ್ನು ಒಡೆಯರನ್ನಾಗಿ ಬಿಟ್ಟುಹೋದರು, ಪ್ರಜೆಗಳಿಗೆ ಏನನ್ನೂ ಬಿಡಲಿಲ್ಲ. ಜೂನ್ 11ರ ಫರ್ಮಾನಿನಲ್ಲಿ ನಿಜಾಮರು ತಾವು ಸ್ವತಂತ್ರರಾಗುವುದಾಗಿ ಸಾರಿದ್ದರು. ಭಾರತದ ಜೊತೆ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ, ನಿಜಾಮರ ಪರ ನಿಂತ ರಜಾಕಾರರ ಹಾವಳಿ, ಸೀಮೆಯಾಚೆ ಗಡಿ ಶಿಬಿರಗಳು, ಊರು ಬಿಟ್ಟು ಓಡಿದ ಕುಟುಂಬಗಳು: ಇವೆಲ್ಲ ನಮ್ಮ ಮನೆಮನೆಯ ಕತೆಗಳಾಗಿ ಉಳಿದಿವೆ. 1948ರಲ್ಲಿ ಭಾರತದ ಸೇನೆ ಬಂದ ಮೇಲೆ ಕೆಲವೆಡೆ ಬಡ ಮುಸಲ್ಮಾನ ಕುಟುಂಬಗಳು ಪಟ್ಟ ಪಾಡೂ ಆ ಕತೆಗಳಲ್ಲಿ ಸೇರಬೇಕು. ಆ ಹದಿಮೂರು ತಿಂಗಳ ಹಿಂಸೆಯನ್ನು ಕೋಮುಗಳ ಜಗಳವೆಂದು ಮಾತ್ರ ಹೇಳುವವರು 7ನೇ ಕಲಮನ್ನು ಮರೆಯುತ್ತಾರೆ. ಮಾತಾಡಲು ಸಭೆ, ದೂರು ಕೊಡಲು ಪ್ರತಿನಿಧಿ, ಬದಲಿಸಲು ಮತ ಇಲ್ಲದ ಕಡೆ ಅಧಿಕಾರದ ಪ್ರಶ್ನೆ ಬಂದೂಕಿನ ಕಡೆ ಹೊರಳಿತು.

1948ರ ಸೆಪ್ಟೆಂಬರ್ 13ರಿಂದ ಐದು ದಿನದ ಸೇನಾ ಕಾರ್ಯಾಚರಣೆ, ಜನರಲ್ ಚೌಧರಿಯವರ ಸೈನಿಕ ಆಡಳಿತ. 1949ರ ಆಗಸ್ಟಿನಲ್ಲಿ ಜಹಗೀರುಗಳ ರದ್ದತಿ. ಅದೇ ವರ್ಷ ನವೆಂಬರ್ 23ರಂದು ನಿಜಾಮರು ಮತ್ತೊಂದು ಫರ್ಮಾನು ಹೊರಡಿಸಿ ಭಾರತದ ಸಂವಿಧಾನವೇ ಹೈದರಾಬಾದಿನ ಸಂವಿಧಾನ ಎಂದು ಒಪ್ಪಿದರು. ಫರ್ಮಾನುಗಳ ಕಾಲವನ್ನು ಮುಗಿಸಿದ್ದೂ ಒಂದು ಫರ್ಮಾನೇ. 1952ರ ಮೊದಲ ಮಹಾಚುನಾವಣೆಯಲ್ಲಿ ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಲ್ಲಿ ಆಂದೋಲಾ-ಜೇವರ್ಗಿಯೂ ಒಂದು. ಹೊಲವಿಲ್ಲದ ಕೂಲಿಯವಳು, ಕಂದಾಯ ಕಟ್ಟದ ಜೀತದಾಳು, ಅಕ್ಷರ ಬಾರದವರು, ಎಲ್ಲರಿಗೂ ಒಂದೊಂದು ಮತ. ಸಿಂದಗಿಗೆ ಹಂತ ಹಂತವಾಗಿ ಬಂದದ್ದು ಜೇವರ್ಗಿಗೆ ಒಂದೇ ಸಲ ಪೂರ್ತಿ ಬಂತು. ನಾಲ್ಕು ವರ್ಷದ ಬಳಿಕ, 1956ರ ನವೆಂಬರ್ 1ರಂದು, ಕಲಬುರಗಿ, ರಾಯಚೂರು, ಬೀದರ ಮೈಸೂರು ರಾಜ್ಯಕ್ಕೆ ಸೇರಿದವು.

ಮತ ಇದ್ದುದರಿಂದ ಸಿಂದಗಿ ಶ್ರೀಮಂತವಾಯಿತೇ ಎಂದು ಕೇಳಬಹುದು. ಆಗಲಿಲ್ಲ. ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಹಿಂದುಳಿದ ತಾಲೂಕುಗಳಲ್ಲಿ ಸಿಂದಗಿ, ಇಂಡಿಯೂ ಇವೆ. ಆದರೆ ತೀರ ಹಿಂದುಳಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ವ್ಯತ್ಯಾಸ ಮಳೆ ಮಣ್ಣಿನದಲ್ಲ. ವಿಜಯಪುರದಲ್ಲಿ 1910ರ ದಶಕಕ್ಕೇ ಜನರೇ ಕೂಡಿ ಕಟ್ಟಿದ ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕು, ಮುಂದೆ ಮುದ್ರಣಾಲಯ, ಪತ್ರಿಕೆ ಬಂದವು. ಕಲಬುರಗಿಯಲ್ಲಿ 1907ರ ನೂತನ ವಿದ್ಯಾಲಯದಂಥ ಶಾಲೆಗಳು ಅಪ್ಪಣೆಯ ನೆರಳಲ್ಲಿ ಹೆಣಗಬೇಕಾಯಿತು. ಸಂಘ ಕಟ್ಟುವ, ಅರ್ಜಿ ಬರೆಯುವ, ಅಧಿಕಾರಿಯ ಮುಂದೆ ನಿಂತು ಇದು ನಮ್ಮ ಹಕ್ಕು ಎನ್ನುವ ರೂಢಿ ಎರಡು ತಲೆಮಾರು ತಡವಾಗಿ ಬಂತು.

ಸಂವಿಧಾನದ 371(ಜೆ) ವಿಧಿಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಕೇಳಿದ್ದು, ಮಲ್ಲಿಕಾರ್ಜುನ ಖರ್ಗೆ, ಜೇವರ್ಗಿ ತಾಲೂಕಿನ ನೆಲೋಗಿಯ ಧರ್ಮಸಿಂಗ್ ಅವರಂಥವರು ದಿಲ್ಲಿಯಲ್ಲಿ ದುಡಿದದ್ದು, 2012ರ ಡಿಸೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆಯಿತು. ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲು. ಇದನ್ನು ಭಿಕ್ಷೆ ಎಂದು ಬೆಂಗಳೂರಿನ ಕಡೆ ಆಡುವ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಬರೆದ ಸಂವಿಧಾನದ ಹೊರಗೆ ತಲೆಮಾರುಗಳ ಕಾಲ ನಿಲ್ಲಿಸಿದ ಮಂದಿಗೆ ಆ ಸಂವಿಧಾನದೊಳಗೆ ಬರೆದುಕೊಟ್ಟ ಒಂದು ಕಲಮು ಅದು.

ಮಾಡಬೇಕಾದ ಕೆಲಸ ಉಳಿದಿದೆ. ನಮ್ಮ ಕಡೆಯ ಹಳೆಯ ಜಮೀನು ದಾಖಲೆಗಳು ಉರ್ದುವಿನಲ್ಲಿ, ಫಸಲಿ ಇಸವಿಯಲ್ಲಿ, ರೆಕಾರ್ಡ್ ರೂಮುಗಳ ಗಂಟುಗಳಲ್ಲಿ ಕುಳಿತಿವೆ. ಅವನ್ನು ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಕಲ್ಯಾಣ ಕರ್ನಾಟಕದ ಮಂಡಳಿಗೆ ಬರುವ ಹಣದಲ್ಲಿ ಒಂದು ಸಣ್ಣ ಪಾಲು ಸಾಕು, ಅವನ್ನು ಸ್ಕ್ಯಾನ್ ಮಾಡಿಸಿ ಕನ್ನಡಕ್ಕೆ ತರಲು, ಉರ್ದು ಬಲ್ಲ ನಮ್ಮದೇ ಹುಡುಗ ಹುಡುಗಿಯರಿಗೆ ಆ ಕೆಲಸ ಕೊಡಲು. ಎಂಟನೇ, ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ 1919ರ ಕಾಯಿದೆಯ ಪಾಠದ ಪಕ್ಕದಲ್ಲೇ ಗಸ್ತಿ 53, ಶಂಕರಪಲ್ಲಿಯ ಮೊಕದ್ದಮೆ, 1949ರ ನವೆಂಬರಿನ ಫರ್ಮಾನು ಎರಡು ಪುಟ ಬರಲಿ. ಜೇವರ್ಗಿಯ ಶಾಲೆಯಲ್ಲಿ ಮಾತ್ರವಲ್ಲ, ಮೈಸೂರಿನ ಶಾಲೆಯಲ್ಲೂ.